ಬಾಡಿ ಒಂದು ಕಡೆ, ಚಾಸಿ ಒಂದು ಕಡೆ

ಬಾನೆಟ್ಟಿನ ಮೇಲೆ ಎರಡು ಕೈ ಒಟ್ಟಿಗೇ ಬಿದ್ದವು. ಒಂದು ಪೇಂಟರಮ್ಮನದು. ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ನೀಲಿ ಬಣ್ಣ. ಇನ್ನೊಂದು ಯಾರೋ ಗಂಡಸಿನದು. ಅಂಗೈಯ ಗೆರೆಗೆರೆಯಲ್ಲೂ ಗ್ರೀಸು.

“ಇದು ನಾನು ಮಾತಾಡಿರೋ ಗಾಡಿ,” ಎಂದಳು ಅವಳು.

“ನಾನೂ ಮಾತಾಡಿದೀನಲ್ಲ,” ಎಂದ ಅವನು, ಕೈ ತೆಗೆಯದೆ.

ಇಬ್ಬರೂ ತಿರುಗಿ ಗಾಡಿಯ ಯಜಮಾನಿಯ ಮುಖ ನೋಡಿದರು. ಆಕೆ ನಿವೃತ್ತ ನರ್ಸ್. ಊರಲ್ಲಿ ಅರ್ಧ ಜನ ಆಕೆಯ ಕೈಯಲ್ಲೇ ಕಣ್ಣು ಬಿಟ್ಟವರು, ಹಾಗಾಗಿ ಎಲ್ಲರಿಗೂ ನರ್ಸಮ್ಮ. ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದ ನರ್ಸಮ್ಮನಿಗೆ ಕೊಂಚವೂ ನಾಚಿಕೆ ಇರಲಿಲ್ಲ.

“ಬೆಳಿಗ್ಗೆ ಇವಳು ಬಂದು ನೋಡಿದಳು. ಒಳ್ಳೆ ಹುಡುಗಿ ಅನ್ನಿಸ್ತು, ಕೊಡ್ತೀನಿ ಅಂದೆ. ಮಧ್ಯಾಹ್ನ ಇವನು ಫೋನ್ ಮಾಡಿದ. ಒಳ್ಳೆ ಗಂಟಲು ಅನ್ನಿಸ್ತು, ಕೊಡ್ತೀನಿ ಅಂದೆ. ಮಾತು ಎರಡು, ಗಾಡಿ ಒಂದು. ಗುಜರಿಗೆ ಮಾತ್ರ ಹಾಕೋ ಹಾಗಿಲ್ಲ. ಉಳಿದಿದ್ದು ನೀವೇ ಬಗೆಹರಿಸ್ಕೊಳ್ಳಿ. ನಾನು ಕಾಫಿ ತರ್ತೀನಿ.”

ಗಾಡಿ ಅಮೆರಿಕದ್ದು. ಹಳೆಯ ಕಾಲದ ಟ್ರಕ್ಕು, ದಾರಿ ಇಲ್ಲದ ಕಡೆ ಓಡಲೆಂದೇ ಹುಟ್ಟಿದ್ದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ನೆಲದಿಂದ ಎದ್ದು ನಿಂತ ಎರಡು ಗೇರ್ ರಾಡು, ದುಂಡನೆಯ ಎರಡು ದೀಪ, ಬೇಕೆಂದರೆ ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು. ಜಮೀನು ಅಳೆಯುವ ಕಂಪನಿಯೊಂದಕ್ಕೆ ನರ್ಸಮ್ಮನ ಗಂಡ ಇದನ್ನು ಓಡಿಸುತ್ತಿದ್ದರಂತೆ. ಅವರು ಹೋದ ಮೇಲೆ ಇದೂ ಅಲ್ಲಾಡಲಿಲ್ಲ. ಈಗ ಟೈರು ಕೂತಿದ್ದವು. ನೆಲದ ತಗಡು ತುಕ್ಕಿಗೆ ಕರಗಿ, ಸೀಟಿನಲ್ಲಿ ಕೂತರೆ ಕಾಲ ಕೆಳಗೆ ಇರುವೆ ಸಾಲು ಹೋಗುವುದು ಕಾಣುತ್ತಿತ್ತು.

“ನಿಮಗ್ಯಾಕೆ ಇದು?” ಎಂದಳು ಪೇಂಟರಮ್ಮ.

“ಹೋಗೋಕೆ.”

“ಎಲ್ಲಿಗೆ?”

“ಅದನ್ನ ಗಾಡಿ ಹೇಳುತ್ತೆ,” ಎಂದು ಅವನು ನಕ್ಕ. ನಕ್ಕಾಗ ಕಿವಿಯ ಹತ್ತಿರ ಒರೆಸಲು ಮರೆತ ಗ್ರೀಸಿನ ಗೆರೆಯೂ ಜೊತೆಗೆ ನಕ್ಕಿತು. “ನಿಮಗ್ಯಾಕೆ?”

ಅವಳು ಬಾನೆಟ್ಟಿನ ಧೂಳು ಒರೆಸಿದಳು. ಅಪ್ಪ ಬಿಟ್ಟುಹೋದ ಪೇಂಟಿಂಗ್ ಶಾಪಿನಲ್ಲಿ ಬುದ್ಧಿ ಬಂದಾಗಿನಿಂದ ಬಣ್ಣ ಹೊಡೆದವಳು. ಯಾರದೋ ಕಾರು, ಯಾರದೋ ವ್ಯಾನು. ಬಣ್ಣ ಒಣಗಿದ ಕೂಡಲೇ ಎಲ್ಲವೂ ಗೇಟು ದಾಟಿ ಹೊರಟುಬಿಡುತ್ತವೆ. ಗೇಟಿನ ಒಳಗೆ ಉಳಿಯುವುದು ತಾನು ಮತ್ತು ಖಾಲಿ ಡಬ್ಬಗಳು. ಇದನ್ನೆಲ್ಲ ಅಪರಿಚಿತ ಗಂಡಸಿಗೆ ಹೇಳುವುದು ಹೇಗೆ?

“ನಾನು ಬಾಡಿ ಕೆಲಸ ಬಲ್ಲೆ, ಬಣ್ಣ ಬಲ್ಲೆ. ಎಂಜಿನ್ ನನಗೆ ಗೊತ್ತಿಲ್ಲ,” ಎಂದಳು.

“ನನಗೆ ಬಾನೆಟ್ ಕೆಳಗಿಂದು ಗೊತ್ತು. ಬಣ್ಣ ಅಂದ್ರೆ ಕೆಂಪು ಯಾವುದು, ಹಸಿರು ಯಾವುದು ಅಷ್ಟೇ.”

ಕಾಫಿ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಅರ್ಧರ್ಧ ಕೊಟ್ಟು ಕೊಳ್ಳುವುದು. ಗಾಡಿ ಬಿಚ್ಚಿದ ಮೇಲೆ ಬಾಡಿ ಅವಳ ಶಾಪಿಗೆ, ಎಂಜಿನ್ನು, ಚಕ್ರ ಹೊತ್ತ ಅಡಿಕಟ್ಟು, ಅಂದರೆ ಚಾಸಿ, ಅವನ ಶೆಡ್ಡಿಗೆ. ಕೆಲಸ ಮುಗಿದು ಎರಡೂ ಕೂಡಿದ ಮೇಲೆ ಯಾರಿಗೆ ಎಂಬುದನ್ನು ಆಮೇಲೆ ನೋಡುವುದು.

“ಮದುವೆಗಳೇ ಇಷ್ಟು ಬೇಗ ಕುದುರಲ್ಲ,” ಎಂದು ನರ್ಸಮ್ಮ ಲೋಟ ಕೊಟ್ಟರು.

ಇಬ್ಬರೂ ಒಟ್ಟಿಗೇ ಕೆಮ್ಮಿದರು.

ಅವನನ್ನು ಜನ ಸಂಚಾರಿ ಎಂದು ಕರೆಯುತ್ತಿದ್ದರು. ಗಣಿ, ಅಣೆಕಟ್ಟು, ಸುರಂಗ, ಎಲ್ಲೆಲ್ಲಿ ದೊಡ್ಡ ಗಾಡಿಗಳು ಕೆಡುತ್ತವೋ ಅಲ್ಲೆಲ್ಲ ಹೋಗಿ ರಿಪೇರಿ ಮಾಡಿ ಬರುವವನು. ಬಸ್ ಡಿಪೋದ ಹಿಂದೆ ಬಾಡಿಗೆಗೆ ಹಿಡಿದ ಶೆಡ್ಡಿನಲ್ಲಿ ಮಂಚ ಸಹ ಇರಲಿಲ್ಲ. ಸುತ್ತಿಟ್ಟ ಹಾಸಿಗೆ, ಗೋಡೆಗೊಂದು ಮೊಳೆ, ಮೊಳೆಗೊಂದು ಅಂಗಿ. ಹೊರಡುವವನ ಮನೆ ನೋಡಿದರೇ ಗೊತ್ತಾಗುತ್ತದೆ.

ಆ ಶೆಡ್ಡಿನಲ್ಲೇ ಚೈನ್ ರಾಟೆಗೆ ಕಟ್ಟಿ ಬಾಡಿಯನ್ನು ಚಾಸಿಯಿಂದ ಎತ್ತಿದರು. ತುಕ್ಕು ಹಿಡಿದ ಬೋಲ್ಟುಗಳು ಅಷ್ಟು ಸುಲಭಕ್ಕೆ ಬಿಡುವ ಜಾತಿಯವಲ್ಲ. ಅವನು ಬೆಂಕಿಯ ಬಿಸಿ ಕೊಟ್ಟ, ಎಣ್ಣೆ ಕುಡಿಸಿದ, ಬೈದ, ಮುದ್ದಿಸಿದ. ಕೊನೆಯ ಬೋಲ್ಟು ಕಿರ್ರೆಂದು ಸಡಿಲಾದಾಗ ಇಬ್ಬರೂ ಗಾಡಿಯ ಕೆಳಗೆ ಮಲಗಿದ್ದರು. ಮುಖದ ಮೇಲೆ ತುಕ್ಕಿನ ಪುಡಿ ಉದುರಿತು.

“ಕುಂಕುಮದ ಅಂಗಡಿಗೆ ಬಿದ್ದ ಹಾಗಿದೀರ,” ಎಂದ.

“ನೀವೇನು ಕಮ್ಮಿ?” ಎಂದಳು. ಅವಳಿಗೆ ಏಳುವ ಮನಸ್ಸಾಗಲಿಲ್ಲ. ಹಾಗಾಗಿಯೇ ಬೇಗ ಎದ್ದಳು.

ಬಾಡಿ ಮೇಲೆ ತೂಗುತ್ತಿರುವಾಗ ಅವಳು ಚಾಸಿಯ ಮೂಲೆಯಿಂದ ಮೂಲೆಗೆ ದಾರ ಎಳೆದು ಅಳತೆ ತೆಗೆದಳು. ಒಂದು ಕರ್ಣ ಇನ್ನೊಂದಕ್ಕಿಂತ ಉದ್ದ ಬಂತು. ಮತ್ತೊಮ್ಮೆ ಎಳೆದಳು. ಅಷ್ಟೇ ಬಂತು.

“ಚಾಸಿ ಡೊಂಕಾಗಿದೆ. ಬಲಗಡೆ ಮುಂದಿನ ಮೂಲೆ ಒಂದು ಬೆರಳಿನಷ್ಟು ಕೆಳಗೂ ಹೋಗಿದೆ,” ಎಂದಳು.

“ಗೊತ್ತು.” ಅವನು ಆ ಮೂಲೆಯ ಮೇಲೆ ಕೈಯಿಟ್ಟ, ಹಳೆಯ ಕುದುರೆಯ ಕುತ್ತಿಗೆಯ ಮೇಲಿಡುವ ಹಾಗೆ. “ಎಲ್ಲೋ ದೊಡ್ಡ ಬಂಡೆ ಹೊಡೆದಿದೆ. ಅಂಥಾ ಕಡೆ ಹೋಗಿ ವಾಪಸ್ ಬಂದಿದೆ ನೋಡಿ ಇದು. ಈ ಡೊಂಕು ಇದರ ಪ್ರಯಾಣದ ಗುರುತು. ತೆಗೆಯೋಕೆ ಮನಸ್ಸು ಬರಲ್ಲ.”

“ನನಗೆ ಓರೆ ಕಂಡರೆ ಊಟ ಸೇರಲ್ಲ,” ಎಂದಳು ಅವಳು. “ಗೋಡೆ ಮೇಲಿನ ಫೋಟೋ ಸೊಟ್ಟಗಿದ್ರೆ ಬೇರೆಯವರ ಮನೇಲೂ ಎದ್ದು ಸರಿ ಮಾಡ್ತೀನಿ.”

“ಗಂಡಸರನ್ನ?”

“ಅವರನ್ನ ಮುಟ್ಟಕ್ಕೇ ಹೋಗಲ್ಲ. ಕೆಲಸ ಜಾಸ್ತಿ.”

ಅವನು ನಗುತ್ತಲೇ ಅವಳನ್ನು ನೋಡಿದ. ಆ ನೋಟವನ್ನು ಅವಳು ಮನೆಯವರೆಗೂ ಹೊತ್ತುಕೊಂಡು ಹೋದಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಅದು ಕೆಳಗಿಳಿಯಲಿಲ್ಲ.

ಆಮೇಲೆ ಶುರುವಾಯಿತು ಅವಳ ಚಡಪಡಿಕೆ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಗಿರಾಕಿಗಳ ಗಾಡಿಗೆ ಹೊಡೆಯುವ ಬಣ್ಣದ ನಡುವೆಯೇ ಗೇಟಿನ ಕಡೆ ಕಣ್ಣು. ಅವನು ಬರುತ್ತಿದ್ದುದು ಸಂಜೆಯ ಹೊತ್ತಿಗೆ, ಏನಾದರೂ ನೆಪ ಹಿಡಿದು. “ಬುಷ್ ಅಳತೆ ಬೇಕಿತ್ತು.” “ಟ್ಯಾಂಕ್ ಮುಚ್ಚಳ ನಿಮ್ಮ ಹತ್ರ ಇದೆಯಾ?” ಒಮ್ಮೆ ಏನೂ ನೆಪ ಸಿಗದೆ, “ಈ ಕಡೆ ಬಂದಿದ್ದೆ,” ಎಂದ. ಆ ಬೀದಿಯ ಕೊನೆಗೆ ಗೋಡೆಯಿತ್ತು. ಆ ಕಡೆ ಬರುವವರು ಅಲ್ಲಿಗಷ್ಟೇ ಬರಬೇಕು.

ಅದೇ ಶಾಪಿನಲ್ಲಿ ಅವಳ ಅಕ್ಕ ಸೀಟ್ ಕವರ್ ಹೊಲಿಯುತ್ತಿದ್ದಳು. ಮೆಷಿನ್ ತುಳಿಯುವುದು ಕಾಲು, ಬಾಯಿಗೆ ಬಿಡುವೇ ಬಿಡುವು.

“ಅದೇ ಬಾಗಿಲನ್ನ ಎಷ್ಟು ಸಲ ಉಜ್ಜುತ್ತೀಯೇ? ತಗಡು ಸವೆದು ಆ ಕಡೆ ಕಾಣ್ತಿದೆ.”

“ಸ್ವಲ್ಪ ತಗ್ಗಿತ್ತು ಅಕ್ಕ.”

“ತಗ್ಗು ಬಾಗಿಲಲ್ಲಿಲ್ಲ, ತಲೇಲಿದೆ. ಗಾಡಿ ಮುಗಿದ್ರೆ ಅವನು ಬರೋದು ನಿಲ್ಲುತ್ತೆ ಅಂತ ಅಲ್ವಾ?”

ಅವಳು ಸ್ಯಾಂಡ್ ಪೇಪರನ್ನು ಇನ್ನೂ ಜೋರಾಗಿ ಉಜ್ಜಿದಳು. ಕಳ್ಳನಿಗೆ ಕೆಮ್ಮು ಬಂದ ಹಾಗಾಗಿತ್ತು ಪರಿಸ್ಥಿತಿ.

ಬಣ್ಣ ಯಾವುದು ಎಂದು ನೋಡಲು ಅವನು ಬಂದ ಸಂಜೆ ಅವಳು ಆಗಷ್ಟೇ ಸ್ಪ್ರೇ ಮುಗಿಸಿ ಮಾಸ್ಕ್ ತೆಗೆದಿದ್ದಳು. ಮೂಗಿನಿಂದ ಕೆನ್ನೆಯ ಮೇಲೆ ಇಳಿದು ಗಲ್ಲದವರೆಗೆ ಮಾಸ್ಕಿನ ಅಚ್ಚು ಕೆಂಪಗೆ ಮೂಡಿತ್ತು. ಅವನು ಗಾಡಿಯನ್ನು ಬಿಟ್ಟು ಆ ಗೆರೆಯನ್ನೇ ನೋಡುತ್ತ ನಿಂತ.

“ಬಣ್ಣ ಅಲ್ಲಿದೆ,” ಎಂದು ಅವಳು ಬಾಡಿಯ ಕಡೆ ಬೆರಳು ತೋರಿಸಿದಳು.

ಮೇಲಿನ ಬೂದಿ ಬಣ್ಣ ಉಜ್ಜಿದರೆ ಅದರ ಕೆಳಗೆ ಹಸಿರು, ಹಸಿರಿನ ಕೆಳಗೆ ಗೋಧಿ ಬಣ್ಣ ಸಿಕ್ಕಿತ್ತು. ಫ್ಯಾಕ್ಟರಿಯಲ್ಲಿ ಮೊದಲು ಹೊಡೆದದ್ದು ಅದೇ. ಅದನ್ನೇ ಬೆರೆಸಿ ತಂದಿದ್ದಳು. ಸಂಜೆಯ ಬಿಸಿಲಿಗೆ ಬಾಡಿ ಆಗತಾನೇ ಕೊಯ್ದ ಹೊಲದ ಹಾಗೆ ಮಿನುಗುತ್ತಿತ್ತು.

ಅವನು ಬಾಡಿಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಮೆಲ್ಲಗೆ, “ನಿನ್ನ ಕೈಯಲ್ಲಿ ಏನೋ ಇದೆ,” ಎಂದ.

“ಏನಂದ್ರಿ?”

“ಏನಂದೆ?”

“ನಿನ್ನ ಅಂದ್ರಿ.”

“ಬಾಯಿ ಜಾರಿತು.”

“ಜಾರಿದ್ದು ಜಾರಿದ ಕಡೆಯೇ ಇರಲಿ,” ಎಂದಳು. ಹೇಳಿದ ಮೇಲೆ ಥಿನ್ನರ್ ಡಬ್ಬ ಮುಚ್ಚಲು ಬಗ್ಗಿದಳು. ಅದು ಆಗಲೇ ಮುಚ್ಚಿತ್ತು.

ಅದಾದ ಮುಂದಿನ ವಾರವೇ ಅವನು ಸುದ್ದಿ ತಂದ. ಬೆಟ್ಟಗಳ ಆಚೆ, ದೂರದ ಗಣಿಯಿಂದ ಕರೆ ಬಂದಿದೆ. ದೊಡ್ಡ ಕೆಲಸ, ವರ್ಷಗಟ್ಟಲೆಯದು. ಬಾಡಿ ಕೂರಿಸಿದ ದಿನವೇ ಗಣಿಯ ಲಾರಿ ಬಂದು ಅವನನ್ನೂ ಸಾಮಾನನ್ನೂ ಹೊತ್ತುಕೊಂಡು ಹೋಗುತ್ತದೆ.

“ಗಾಡಿ ನಿಮಗೇ ಇರಲಿ,” ಎಂದ ಅವನು, ನೆಲ ನೋಡುತ್ತ. “ನನ್ನ ಪಾಲು ಬಿಟ್ಟುಕೊಟ್ಟೆ. ನನಗಿಂತ ನೀವೇ ಅದನ್ನ ಚೆನ್ನಾಗಿ ನೋಡ್ಕೋತೀರ.”

ಮತ್ತೆ ‘ನೀವು’. ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಪಾಲು ಕೊಡುವುದು ಎಂದರೆ ಸಂಬಂಧ ಕೊಡವಿಕೊಳ್ಳುವುದು. ನಾಳೆ ಗಾಡಿಯ ನೆಪದಲ್ಲಿ ಒಂದು ಫೋನ್ ಸಹ ಮಾಡಬೇಕಾಗದ ಹಾಗೆ ದಾರ ಕತ್ತರಿಸಿ ಹೋಗುತ್ತಿದ್ದಾನೆ.

“ಆಯ್ತು,” ಎಂದಳು. ಅಷ್ಟೇ.

ಅವನು ಹೋದ ಮೇಲೆ ಅಕ್ಕ ಮೆಷಿನ್ ನಿಲ್ಲಿಸಿದಳು. “ಹೋಗಬೇಡ ಅಂತ ಒಂದು ಮಾತು ಹೇಳಿದ್ರೆ ನಿನ್ನ ಬಾಯಲ್ಲಿರೋ ಮುತ್ತು ಉದುರಿ ಹೋಗ್ತಿತ್ತಾ?”

“ಹೇಗೆ ಹೇಳಲಿ ಅಕ್ಕ? ನನ್ನನ್ನ ನೋಡೋಕೆ ಬಂದಿದ್ದ ಆ ಬ್ಯಾಂಕಿನವನು ಏನಂದ? ಮದುವೆ ಆದ ಮೇಲೆ ಶಾಪ್ ಮುಚ್ಚಬೇಕು ಅಂದ. ಬಾಗಿಲು ತೋರಿಸಿದೆ. ಈಗ ನಾನು ಇನ್ನೊಬ್ಬರಿಗೆ ಅದೇ ಹೇಳಲಾ? ಹೋಗೋದು ಅವನ ಪ್ರಾಣ. ನಿಲ್ಲಿಸಿಟ್ರೆ ತುಕ್ಕು ಹಿಡೀತಾನೆ.”

“ಅವನ ವಿಷಯ ಸಾಕು. ನಿನಗೇನು ಬೇಕು?”

ಅವಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಂದು ರಾತ್ರಿ ಊಟದ ತಟ್ಟೆಯ ಮುಂದೆ ಕೂತು ಎದ್ದಳು, ಮಂಚ ಹತ್ತಿ ಇಳಿದಳು. ಈ ಬೀದಿಯ ಕೊನೆಯ ಗೋಡೆ ನೋಡಿ ನೋಡಿ ಅವಳಿಗೂ ಸಾಕಾಗಿತ್ತು. ಆದರೆ ಕರೆಯದೆ ಬರುವವಳು ಎನಿಸಿಕೊಳ್ಳುವುದು ಹೇಗೆ?

ಬಾಡಿ ಕೂರಿಸುವ ದಿನ ಬಂತು. ಟೆಂಪೋದಲ್ಲಿ ಬಾಡಿಯನ್ನು ಡಿಪೋದ ಹಿಂದಿನ ಶೆಡ್ಡಿಗೆ ತಂದರು. ಶೆಡ್ಡಿನ ಮುಂದೆ ಗಣಿಯ ಲಾರಿ ಆಗಲೇ ನಿಂತಿತ್ತು. ಅವನ ಹಾಸಿಗೆಯೂ ಕಬ್ಬಿಣದ ದೊಡ್ಡ ಟೂಲ್ ಪೆಟ್ಟಿಗೆಯೂ ಅದರ ಮೇಲೇರಿದ್ದವು. ಡ್ರೈವರ್ ಬೀಡಿ ಸೇದುತ್ತ, “ಬೇಗ ಗುರೂ, ಘಾಟಿ ಕತ್ತಲಾಗೋಕೆ ಮುಂಚೆ ದಾಟಬೇಕು,” ಎಂದು ಅವಸರಪಡಿಸುತ್ತಿದ್ದ.

ಚಾಸಿಯ ಮೇಲೆ ಹೊದಿಸಿದ್ದ ಟಾರ್ಪಾಲನ್ನು ಅವನು ತೆಗೆದ. ಕಪ್ಪು ಬಣ್ಣ, ಹೊಸ ಬ್ರೇಕ್ ಪೈಪು, ಒಂದು ಹನಿ ಎಣ್ಣೆ ಸೋರದ ಎಂಜಿನ್. ಡಿಪೋದ ನಾಲ್ವರು ಬಂದು ಚೈನ್ ಎಳೆದರು. ಗೋಧಿ ಬಣ್ಣದ ಬಾಡಿ ಗಾಳಿಯಲ್ಲಿ ತೂಗಿ, ನಿಧಾನಕ್ಕೆ ಇಳಿದು, ಚಾಸಿಯ ಮೇಲೆ ಕೂತಿತು.

ಕೂರಲಿಲ್ಲ.

ಮೂರು ಮೂಲೆ ಕೂತವು. ಬಲಗಡೆ ಮುಂದಿನ ಮೂಲೆ ಒತ್ತಿಕೊಂಡು, ಎಡಗಡೆ ಮುಂದಿನದು ಎದ್ದು ನಿಂತಿತು. ಬೋಲ್ಟಿನ ತೂತುಗಳು ಒಂದರ ಮುಖ ಒಂದು ನೋಡದೆ ಅಕ್ಕಪಕ್ಕ ಸರಿದುಕೊಂಡವು. ಎತ್ತಿ ಮತ್ತೆ ಇಳಿಸಿದರು. ಅದೇ ಕಥೆ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದ ಡಿಪೋದವನೊಬ್ಬ. “ಇಲ್ಲಿ ನಿಜವಾಗ್ಲೂ ಡೊಂಕಿದೆ ಕಣ್ರೋ. ಊಟ ಮಾಡಿ ಬರ್ತೀವಿ, ಅಷ್ಟರಲ್ಲಿ ನೀವಿಬ್ರೂ ಜಗಳ ಮುಗಿಸ್ಕೊಳ್ಳಿ.”

ಶೆಡ್ಡಿನಲ್ಲಿ ಇಬ್ಬರೇ ಉಳಿದರು.

“ನೆಲದ ತಗಡು ಸರಿಯಾಗಿ ಕೂರಿಸಿದ್ರಾ?” ಅವನ ಧ್ವನಿಯಲ್ಲಿ ಸಿಡುಕಿತ್ತು.

“ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಅವತ್ತು ದಾರ ಎಳೆದು ತೆಗೆದ ಅಳತೆಗೇ ಕೂರಿಸಿದೀನಿ.”

“ಯಾವ ಅಳತೆ?”

“ನಿಮ್ಮ ಡೊಂಕು ಚಾಸಿಯ ಅಳತೆ!” ಅವಳಿಗೂ ರೇಗಿತು. “ಆ ಡೊಂಕು ತೆಗೆಯೋಕೆ ಮನಸ್ಸು ಬರಲ್ಲ ಅಂದ್ರಲ್ಲ? ಅದಕ್ಕೇ ಹೊಸ ನೆಲವನ್ನ ಪೂರ್ತಿ ಅದರ ಡೊಂಕಿಗೆ ಬಗ್ಗಿಸಿ ಬೆಸುಗೆ ಹಾಕಿದೆ. ಹುಟ್ಟಿದಾಗಿನಿಂದ ಓರೆ ಕೆಲಸ ಮಾಡಿದವಳಲ್ಲ ನಾನು. ಆ ತಗಡು ಬಗ್ಗಿಸುವಾಗ ನನ್ನ ಹಲ್ಲು ಕಟಕಟ ಅಂತಿತ್ತು.”

ಅವನು ಗಾಡಿಯ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತ.

“ಏನಾಯ್ತು?”

“ಡೊಂಕು ತೆಗೆದುಬಿಟ್ಟೆ,” ಎಂದ.

“ಆಂ?”

“ಡಿಪೋದಿಂದ ಕಬ್ಬಿಣ ಒತ್ತೋ ಪ್ರೆಸ್ ಬೇಡಿ ತಂದು, ಬಿಸಿ ಮಾಡಿ, ಎಳೆದು, ನೆಟ್ಟಗೆ ಮಾಡಿದೀನಿ. ಈಗ ದಾರ ಎಳೆದು ನೋಡು, ಎರಡು ಕರ್ಣವೂ ಸಮ. ನಿನಗೆ ಓರೆ ಕಂಡ್ರೆ ಊಟ ಸೇರಲ್ಲ ಅಂದಿದ್ದೆಯಲ್ಲ.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಅಲ್ಲಿದ್ದ ಗ್ರೀಸೆಲ್ಲ ಹಣೆಗೆ ಬಂತು. “ಬಂಡೆ ಹೊಡೆದ ಆ ಗುರುತು ಹೋಗುವಾಗ ನನ್ನದೇ ಎಲುಬು ಮುರಿದ ಹಾಗಾಯ್ತು. ಆದ್ರೂ ಮಾಡಿದೆ. ನೋಡಿದಾಗ ನಿನ್ನ ಮುಖ ಹೇಗಾಗುತ್ತೆ ಅಂತ ದಿನಾ ಅಂದ್ಕೋತಿದ್ದೆ.”

“ಹೇಳಬಾರದಿತ್ತಾ?”

“ನೀನು ಹೇಳಿದ್ಯಾ?”

ಇಬ್ಬರೂ ಗಾಡಿಯ ಆ ಎದ್ದು ನಿಂತ ಮೂಲೆಯನ್ನು ನೋಡಿದರು. ಬಾಡಿಗೂ ಚಾಸಿಗೂ ನಡುವೆ ಒಂದು ಬೆರಳಿನಷ್ಟು ಸಂದಿ. ಅದರೊಳಗಿಂದ ಶೆಡ್ಡಿನ ಆಚೆಯ ಬಿಸಿಲು ಸಣ್ಣ ಗೆರೆಯಾಗಿ ಒಳಗೆ ಬರುತ್ತಿತ್ತು.

ಅವಳಿಗೆ ಮೊದಲು ನಗು ಬಂತು. ನಗುತ್ತ ನಗುತ್ತ ಕಣ್ಣು ಒದ್ದೆಯಾಯಿತು. ಜೊತೆಗೇ ಕೋಪವೂ ಬಂತು.

“ನನಗೋಸ್ಕರ ಚಾಸಿ ನೆಟ್ಟಗೆ ಮಾಡೋನು, ನನ್ನ ಬಿಟ್ಟು ಹೋಗೋದ್ಯಾಕೆ?”

“ನೀನು ‘ಆಯ್ತು’ ಅಂದೆ.”

“ಮತ್ತೇನು ಅನ್ನಬೇಕಿತ್ತು? ಪಾಲು ನನ್ನ ಮುಂದೆ ಎಸೆದು ನೆಲ ನೋಡ್ತಿದ್ದೆ ನೀನು.”

“ಎಸೀಲಿಲ್ಲ. ನನ್ನ ಹತ್ರ ಕೊಡೋಕೆ ಇನ್ನೇನೂ ಇರ್ಲಿಲ್ಲ.” ಅವನ ಧ್ವನಿ ತಗ್ಗಿತು. “ನಿನಗೆ ಶಾಪಿದೆ, ಮನೆಯಿದೆ, ಅಕ್ಕ ಇದಾರೆ. ನನಗೆ ಸುತ್ತಿದ ಹಾಸಿಗೆ. ಒಂದು ಕಡೆ ನಿಲ್ಲೋ ಗುಣ ನನಗಿಲ್ಲ, ಇದ್ದಿದ್ರೆ ಯಾವತ್ತೋ ಕೇಳ್ತಿದ್ದೆ. ಸುಳ್ಳು ಹೇಳಿ ನಿನ್ನ ಮನೆ ಸೇರಲಾ? ಹೋಗೋದು ಬಿಡಕ್ಕಾಗಲ್ಲ ಕಣೇ ನನಗೆ.”

“ಬಿಡು ಅಂದೋರು ಯಾರು?” ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದ ಮಾತು ಈಗ ತಾನಾಗಿ ಬಂತು. “ಒಬ್ಬನೇ ಹೋಗಬೇಡ ಅಂತೀನಿ ಅಷ್ಟೇ. ಈ ಗಾಡಿ ನನಗ್ಯಾಕೆ ಅಂತ ಅವತ್ತು ಕೇಳಿದ್ಯಲ್ಲ? ನನಗೂ ಹೋಗೋಕೇ. ಬೇರೆಯವರ ಗಾಡಿ ಹೋಗೋದನ್ನ ನೋಡಿ ನೋಡಿ ಸಾಕಾಗಿದೆ. ಬಣ್ಣದ ಗನ್ನು, ಕಂಪ್ರೆಸರ್ ಎಲ್ಲಿಟ್ರೂ ಕೆಲಸ ಮಾಡುತ್ತೆ. ಗಣಿ ಲಾರಿಗೆ ಬಣ್ಣ ಬೇಡ್ವಾ? ನಾಲ್ಕು ತಿಂಗಳು ಹೋಗೋಣ, ವಾಪಸ್ ಬರೋಣ, ಮತ್ತೆ ಹೋಗೋಣ. ಶಾಪನ್ನ ಅಕ್ಕ ನೋಡ್ಕೋತಾಳೆ, ನನಗಿಂತ ಚೆನ್ನಾಗಿ ಬೈತಾಳೆ ಗಿರಾಕಿಗಳಿಗೆ.”

ಅವನು ಅವಳನ್ನೇ ನೋಡಿದ. ರಸ್ತೆ ಮುಗಿಯಿತು ಎಂದುಕೊಂಡಲ್ಲಿ ತಿರುವು ಕಂಡವನ ಮುಖ.

ಹೊರಗೆ ಲಾರಿಯ ಹಾರ್ನ್ ಕೂಗಿತು. ಒಮ್ಮೆ, ಇನ್ನೊಮ್ಮೆ, ಉದ್ದಕ್ಕೆ.

“ಈಗ ಇದನ್ನ ಏನು ಮಾಡೋದು?” ಅವನು ಎದ್ದು ನಿಂತ ಮೂಲೆಯ ಕಡೆ ಕೈ ತೋರಿಸಿದ. “ಚಾಸಿ ಮತ್ತೆ ಡೊಂಕು ಮಾಡಲಾ?”

“ಮುಟ್ಟಿದ್ರೆ ನೋಡು. ನನಗೋಸ್ಕರ ಮಾಡಿದ್ದು ಅದು.”

“ಹಾಗಾದ್ರೆ ನಿನ್ನ ನೆಲ ಕತ್ತರಿಸು.”

“ಅದನ್ನೂ ಮುಟ್ಟಲ್ಲ.” ಅವಳು ಬಗ್ಗಿ ಸಂದಿಯೊಳಗೆ ಬೆರಳಿಟ್ಟು ನೋಡಿದಳು. ಯೋಚಿಸುವಾಗ ಅವಳ ಹುಬ್ಬು ಗಂಟಾಗುತ್ತಿತ್ತು. “ಮೂಲೆಗಳಲ್ಲಿ ನೀನು ತಗಡಿನ ಚೂರು ಪ್ಯಾಕಿಂಗ್ ಕೊಟ್ಟು ಅರ್ಧ ಎತ್ತು. ನಾನು ತೂತನ್ನ ಉದ್ದ ಮಾಡಿ ಅರ್ಧ ಸರಿಸ್ತೀನಿ. ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ.”

“ಒಂದು ವಾರ ಹಿಡಿಯುತ್ತೆ.”

“ಹಿಡೀಲಿ.”

ಹಾರ್ನ್ ಮತ್ತೆ ಕೂಗಿತು. ಅವನು ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ, ಹೊರಗೆ ಹೋದ.

ಅವಳು ಗಾಡಿಯ ಪಕ್ಕದಲ್ಲೇ ನಿಂತಳು. ಹೊರಗೆ ಮಾತು ಕೇಳುತ್ತಿತ್ತು. ಡ್ರೈವರ್ ಜೋರಾಗಿ ಏನೋ ಬೈದ. ಅವನ ಧ್ವನಿ ಕೇಳಲಿಲ್ಲ. ಲಾರಿಯ ಬಾಗಿಲು ದಡಾರೆಂದು ಮುಚ್ಚಿತು. ಎಂಜಿನ್ ಶುರುವಾಯಿತು, ಗೇರ್ ಬಿತ್ತು, ಚಕ್ರದ ಕೆಳಗೆ ಜಲ್ಲಿ ಕರಕರ ಎಂದಿತು. ಸದ್ದು ಡಿಪೋದ ಗೋಡೆಯ ಪಕ್ಕದಿಂದ ಸರಿಯಿತು, ಮುಖ್ಯ ರಸ್ತೆ ಸೇರಿತು, ಕರಗಿತು.

ಹೋಗಿ ನೋಡಬಹುದಿತ್ತು. ಬಾಗಿಲು ಹತ್ತು ಹೆಜ್ಜೆಯೂ ದೂರವಿರಲಿಲ್ಲ. ಇಷ್ಟು ದಿನ ನಿಂತಲ್ಲಿ ನಿಲ್ಲದ ಅವಳ ಕಾಲು ಈಗ ನೆಲಕ್ಕೆ ಬೇರು ಬಿಟ್ಟಿತ್ತು. ಹೋಗಿದ್ದರೆ ಹೋಗಲಿ, ಹೇಳುವುದನ್ನು ಹೇಳಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಗ ಹೊರಗೆ, ಸಿಮೆಂಟಿನ ಮೇಲೆ, ಕಬ್ಬಿಣ ಉಜ್ಜುವ ಸದ್ದು. ಸ್ವಲ್ಪ ದೂರ ಎಳೆದು ನಿಂತಿತು. ಮತ್ತೆ ಎಳೆಯಿತು, ಮತ್ತೆ ನಿಂತಿತು. ಬಾಗಿಲಲ್ಲಿ ಮೊದಲು ಅವನ ಬೆನ್ನು ಕಾಣಿಸಿತು, ಆಮೇಲೆ ಟೂಲ್ ಪೆಟ್ಟಿಗೆ. ಹೆಗಲ ಮೇಲೆ ಹಾಸಿಗೆ ಜಾರುತ್ತಿತ್ತು, ಮುಖವೆಲ್ಲ ಬೆವರು.

“ನಿಂತು ನೋಡ್ತೀಯಲ್ಲ,” ಎಂದ ಅವನು ಏದುಸಿರು ಬಿಡುತ್ತ. “ಆ ಕಡೆ ಹಿಡ್ಕೋ ಬಾ. ಒಬ್ಬನ ಕೈಯಲ್ಲಿ ಆಗಲ್ಲ.”

ಅವಳು ಓಡಿದಳು.